ತಗಿ ಅಂದದ್ದಕ್ಕೆ

ಆ ತಿಂಗಳೂ ಅಪ್ಡೇಟ್ ಬಂತು. ಬರದೆ ಎಲ್ಲಿ ಹೋದೀತು? ಕೊಟ್ಟೂರಿನಲ್ಲಿ ನಲ್ಲಿ ನೀರು ತಪ್ಪಬಹುದು, ಕರೆಂಟು ತಪ್ಪಬಹುದು, ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸೂ ತಪ್ಪಬಹುದು. ಬಸವೇಶ್ ಮಾಸ್ತರರ ಕಂಪ್ಯೂಟರಿಗೆ ಅಪ್ಡೇಟ್ ಬರುವುದು ಮಾತ್ರ ಒಂದು ತಿಂಗಳೂ ತಪ್ಪಿದ್ದಿಲ್ಲ. ಅವರು ಪ್ರೋಗ್ರಾಂ ಬರೆಯಲು ಬಳಸುತ್ತಿದ್ದ ಎಡಿಟರು ಮೂಲೆಯಲ್ಲೊಂದು ಚುಕ್ಕೆ ಮಿನುಗಿಸಿ, ಹೊಸದು ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳುತ್ತಿತ್ತು. ಬೇಡ ಎಂದರೆ ಮಾರನೇ ದಿನ ಮತ್ತೆ ಕೇಳುತ್ತಿತ್ತು. ಅಂದೂ ಬೇಡ ಎಂದರೆ, ಕೇಳಿ ಕೇಳಿ ಸಾಕಾದವರ ಹಾಗೆ, ತಾನೇ ಹಾಕಿಕೊಂಡು ಕೂತುಬಿಡುತ್ತಿತ್ತು.

ಎಡಿಟರು ಎಂದರೆ ಪೇಪರಿನ ಸಂಪಾದಕರು ಅಂದುಕೊಂಡೀರಿ, ಅಲ್ಲ. ಪ್ರೋಗ್ರಾಂ ಬರೆಯುವವರಿಗೆ ಹಾಳೆಯೂ ಅದೇ, ಪೆನ್ನೂ ಅದೇ, ತಪ್ಪು ಬರೆದರೆ ಕೆಂಪು ಗೆರೆ ಎಳೆಯುವ ಮೇಷ್ಟ್ರೂ ಅದೇ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟ ಮೇಲೆ ಬಸವೇಶ್ ಮಾಸ್ತರರು ಇಂಥ ಎಡಿಟರುಗಳನ್ನು ಎಷ್ಟು ಕಂಡಿದ್ದರೋ! ಮೊದಲಿನವು ಕಪ್ಪು ಪರದೆಯ ಬಡಪಾಯಿಗಳು, ಇಟ್ಟಲ್ಲಿ ಇರುತ್ತಿದ್ದವು. ಇದು ಹಾಗಲ್ಲ. ಎಡಕ್ಕಿದ್ದ ಫೈಲುಗಳ ಪಟ್ಟಿ ಒಂದು ತಿಂಗಳು ಬಲಕ್ಕೆ ಹೋಯಿತು. ಬಲಕ್ಕೆ ಕಣ್ಣು ಒಗ್ಗಿತು ಅನ್ನುವಷ್ಟರಲ್ಲಿ ಪಟ್ಟಿಯೇ ಮಾಯವಾಗಿ ಅಲ್ಲೊಂದು ಅಂಗಿಯ ಗುಂಡಿಯಷ್ಟಗಲದ ಚಿತ್ರ ಬಂತು. ಆಮೇಲೆ ಬೂದು ಅಕ್ಷರ ಶುರುವಾದವು. ಮಾಸ್ತರರು ಅರ್ಧ ಸಾಲು ಬರೆಯುವುದೇ ತಡ, ಮಿಕ್ಕರ್ಧವನ್ನು ಅದೇ ಬರೆದು ಮುಂದಿಡುತ್ತಿತ್ತು, ಸಾಕು ಸಾಕು ಎಂದರೂ ಎಲೆಗೆ ಹೋಳಿಗೆ ಹಾಕುವ ಬೀಗತಿಯ ಹಾಗೆ. ಅದು ಬರೆದದ್ದು ಎಷ್ಟೋ ಸಲ ಸರಿಯಾಗಿಯೂ ಇರುತ್ತಿತ್ತು. ಮಾಸ್ತರರ ಸಿಟ್ಟು ಇದ್ದದ್ದೇ ಅಲ್ಲಿ.

"ಸರ್, ಇದು ಭಾಳ ಸಸಾರ ಐತ್ರಿ, ತೋರಿಸ್ಲೇನ್ರಿ?" ಎಂದು ಗೀತಾಂಜಲಿ ಕೇಳುತ್ತಿದ್ದಳು.

"ನನಗ ತೋರಿಸ್ತೀಯೇನ ನೀನು? ಮೌಸ್ ಹಿಡಿಯಾಕ ನಿನಗ ಕಲಿಸಿದಾವ ನಾನು," ಎಂದು ಮಾಸ್ತರರು ನಗುತ್ತಲೇ ಹೇಳಿ, ಅವಳು ಮನೆಗೆ ಹೋದ ಮೇಲೆ ಒಬ್ಬರೇ ಕೂತು ಒದ್ದಾಡುತ್ತಿದ್ದರು.

ಗೀತಾಂಜಲಿ ಅದೇ ಊರಿನ ಎಣ್ಣೆ ಅಂಗಡಿ ಗುರುಸಂಗಪ್ಪನವರ ಮಗಳು. ಮಾಸ್ತರರ ಹತ್ತಿರ ಕಲಿತು, ಮಾಸ್ತರರ ಅಂಗಡಿಯಲ್ಲೇ ಕಲಿಸುವವಳಾಗಿ ನಿಂತವಳು. ಮಾತು ಕಡಿಮೆ, ಹಟ ಜಾಸ್ತಿ. ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯ ಕುರಿ ಸಾಕುವವರ ಸಂಘಕ್ಕೆ ಒಂದು ಪ್ರೋಗ್ರಾಂ ಬೇಕಾಗಿತ್ತು. ಯಾವ ಹಿಂಡಿಗೆ ಯಾವ ಸೂಜಿ ಹಾಕಿಸಿದೆ, ಮುಂದಿನದು ಯಾವಾಗ ಹಾಕಿಸಬೇಕು, ಇವನ್ನೆಲ್ಲ ಕುರಿಗಾರರಿಗೆ ಫೋನಿನಲ್ಲಿ ಮಾತಾಡಿಯೇ ಹೇಳಬೇಕು. ಓದು ಬಾರದವರಿಗೆ ಮೆಸೇಜು ಕಳಿಸಿ ಉಪಯೋಗವೇನು? ಗೀತಾಂಜಲಿ ವರ್ಷವಿಡೀ ಹಿಂಡುಗಳ ಹಿಂದೆ ತಿರುಗಿ, ಕುರಿಗಾರರ ಬಾಯಿಂದ ಕೇಳಿ, ಕುರಿಗಳ ವಿವರವನ್ನೆಲ್ಲ ಸಂಘದ ಕಂಪ್ಯೂಟರಿಗೆ ತುಂಬಿದ್ದಳು. ಅದನ್ನು ಓಡಿಸುವ ಪ್ರೋಗ್ರಾಮನ್ನು ಮಾಸ್ತರರ ಅಂಗಡಿಯ ಕಂಪ್ಯೂಟರಿನಲ್ಲಿ ಬರೆದು ಮುಗಿಸಿದ್ದಳು. ನಾಳೆ ಸಂಘದ ಮಂದಿಯ ಮುಂದೆ ಅದನ್ನು ಓಡಿಸಿ ತೋರಿಸಬೇಕು. ದಾವಣಗೆರೆಯ ಇನ್ನೊಬ್ಬನೂ ತನ್ನದನ್ನು ತರುವವನಿದ್ದ. ಯಾರದು ಒಪ್ಪಿಗೆಯಾಗುತ್ತದೋ ಅವರಿಗೆ ಕೆಲಸ.

ಅಪ್ಪನಿಗೂ ಮಗಳಿಗೂ ಒಂದು ಕರಾರಾಗಿತ್ತು. ಇದು ಗೆದ್ದರೆ ಅವಳು ಕೊಟ್ಟೂರಿನಲ್ಲೇ ತನ್ನ ಹೆಸರಿನ ಬೋರ್ಡು ಹಾಕಿಕೊಳ್ಳಬಹುದು. ಸೋತರೆ ಹರಪನಹಳ್ಳಿಯಲ್ಲಿ ಬೀಗರ ಸೀರೆ ಅಂಗಡಿಯಿದೆ, ಅಲ್ಲಿ ಕೂತು ಬಿಲ್ಲು ಹೊಡೆಯಬೇಕು. ಗುರುಸಂಗಪ್ಪನವರು ಕೆಟ್ಟವರಲ್ಲ. ಅವರ ಮಟ್ಟಿಗೆ ಕಂಪ್ಯೂಟರ್ ಕೆಲಸವೆಂದರೆ ಎರಡೂ ಒಂದೇ ಆಗಿತ್ತು, ಅಷ್ಟೇ.

ಆ ದಿನ ಗೀತಾಂಜಲಿ ತಾಯಿಯ ಜೊತೆ ಹಡಗಲಿಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಹೋಗುವ ಮುನ್ನ, "ಸರ್, ಎಲ್ಲಾ ಮುಗಿಸೀನಿ. ಏನೂ ಮಾಡೋದು ಉಳಿದಿಲ್ರಿ," ಎಂದಿದ್ದಳು.

ಏನೂ ಮಾಡುವುದು ಉಳಿದಿಲ್ಲ ಎಂದರೆ ಮಾಡದೆ ಇರುವವರು ಎಂಥ ಮಾಸ್ತರರು? ಅವರಿಗೆ ಒಂದು ಸಣ್ಣ ಆಸೆ ಹುಟ್ಟಿತು. ಪ್ರೋಗ್ರಾಮಿನ ಮೊದಲ ಪರದೆಯ ಮೇಲೆ ರಚನೆ ಗೀತಾಂಜಲಿ ಎಂದಿದೆ. ಅದರ ಕೆಳಗೆ ಮಾರ್ಗದರ್ಶನ ಬಸವೇಶ್ ಎಂದು ಒಂದು ಸಾಲು ಇದ್ದರೆ ತಪ್ಪೇನು? ಕಲಿಸಿದ್ದು ಸುಳ್ಳೇ? ಅವಳಾಗಿ ಬರೆಯಲಿಲ್ಲ, ಮರೆತಿರಬೇಕು, ಹುಡುಗಿ. ತಾನೇ ಬರೆದರಾಯಿತು ಎಂದು ಮಧ್ಯಾಹ್ನ ಊಟ ಮುಗಿಸಿ ಬಂದು ಎಡಿಟರು ತೆರೆದರು. ತೆರೆದರೆ, ಅಂದೇ ಬೆಳಿಗ್ಗೆ ಹೊಸ ಅಪ್ಡೇಟು ಬಂದು ಕೂತಿದೆ! ಫೈಲುಗಳ ಪಟ್ಟಿ ಎಡಕ್ಕಿಲ್ಲ, ಬಲಕ್ಕಿಲ್ಲ, ಗುಂಡಿಯಂಥ ಚಿತ್ರವೂ ಇಲ್ಲ. ಇಡೀ ಪರದೆ ಅಂಗಳ ಸಾರಿಸಿದ ಹಾಗೆ ಖಾಲಿ, ನಡುವೆ ಒಂದು ಉದ್ದನೆಯ ಪೆಟ್ಟಿಗೆ. ಅದರಲ್ಲಿ ಬರೆದಿತ್ತು: ನಿಮ್ಮ ಭಾಷೆಯಲ್ಲೇ ಹೇಳಿ.

ಮಾಸ್ತರರು ಕನ್ನಡಕ ಒರೆಸಿ ನೋಡಿದರು. ಕನ್ನಡವೇ! ಇಷ್ಟು ವರ್ಷ ಇಂಗ್ಲಿಷಿನಲ್ಲಿ ಬೈಸಿಕೊಂಡ ಜೀವಕ್ಕೆ ತಂಪೆನಿಸಿತು. ಊರದೇವರು ಕೊಟ್ರೇಶ ಕಣ್ಣು ಬಿಟ್ಟ, ಇನ್ನು ಈ ಪಟ್ಟಿ ಹುಡುಕುವ ಗೋಳಿಲ್ಲ, ಬಾಯಲ್ಲಿ ಹೇಳಿದರೆ ಸಾಕು ಎಂದುಕೊಂಡು ಮೈಕಿನ ಗುರುತು ಒತ್ತಿ, ಗಂಟಲು ಸರಿಮಾಡಿಕೊಂಡು ಹೇಳಿದರು:

"ಗೀತಾಂಜಲಿ ಫೈಲ್ ಎಲ್ಲಾ ತಗಿ."

ಒಂದು ಚಕ್ರ ತಿರುಗಿತು. ಹೆಣ್ಣು ದನಿಯೊಂದು, ಪುಸ್ತಕ ಓದಿದ ಹಾಗೆ, ಬಲು ವಿನಯದಿಂದ ಕೇಳಿತು: "ಗೀತಾಂಜಲಿ ಹೆಸರಿನ ಎಲ್ಲ ಕಡತಗಳನ್ನು ತೆಗೆಯಲೇ?"

ಎಷ್ಟು ಮರ್ಯಾದೆಸ್ತ ಯಂತ್ರ! ಮಾಸ್ತರರಿಗೆ ನಗು ಬಂತು. "ಹೂಂ, ತಗಿಯವ್ವಾ," ಎಂದರು.

"ತೆಗೆದಿದ್ದೇನೆ."

ಪರದೆ ಮಾತ್ರ ಖಾಲಿಯೇ ಇತ್ತು. ಮಾಸ್ತರರು ಸ್ವಲ್ಪ ಹೊತ್ತು ಕಾದರು. ಹೊಸ ಅಪ್ಡೇಟು, ಕಂಪ್ಯೂಟರು ಹಳೆಯದು, ನಿಧಾನ ಇರುತ್ತದೆ ಎಂದು ಎದ್ದು ನೀರು ಕುಡಿದು ಬಂದರು. ಆಗಲೂ ಖಾಲಿ.

"ತಗದ್ರ ಎಲ್ಲೈತಿ?"

"ಕ್ಷಮಿಸಿ, ಈಗ ಇಲ್ಲಿ ಯಾವ ಕಡತವೂ ಇಲ್ಲ."

"ಇಲ್ಲಂದ್ರ? ಈಗ ತಗದೆ ಅಂದ್ಯಲ್ಲ?"

"ಹೌದು, ತೆಗೆದಿದ್ದೇನೆ."

"ತಗದಿದ್ರ ತೋರ್ಸು!"

"ತೋರಿಸಲು ಯಾವ ಕಡತವೂ ಇಲ್ಲ."

ಎಲಾ ಇದರ! ತೆಗೆದೆ ಅನ್ನುತ್ತದೆ, ಇಲ್ಲ ಅನ್ನುತ್ತದೆ. ಮೂರು ದಶಕದ ಅನುಭವವೆಲ್ಲ ಸೇರಿ ಅವರಿಗೆ ಒಂದೇ ಬುದ್ಧಿ ಹೇಳಿತು: ಈ ಹಾಳು ಅಪ್ಡೇಟಿನಿಂದ ದಾರಿ ತಪ್ಪಿದೆ, ಫೈಲು ಇದ್ದ ಜಾಗ ಅದಕ್ಕೆ ಕಾಣುತ್ತಿಲ್ಲ, ಇನ್ನೊಂದು ಕಾಪಿ ಕೊಟ್ಟರೆ ಕಂಡೀತು. ಕಾಪಿ ಇತ್ತು. ಗೀತಾಂಜಲಿ ತನ್ನ ಕೆಲಸವನ್ನು ಇಂಟರ್ನೆಟ್ಟಿನಲ್ಲಿ ಇಡುತ್ತೇನೆ ಎಂದಾಗ, "ಗಾಳ್ಯಾಗ ಯಾಕ ಇಡ್ತೀಯವ್ವಾ? ಯಾರ್ಯಾರ ಕೈ ಹಚ್ತಾರೋ ಏನೋ. ಪೆನ್ ಡ್ರೈವಿಗೆ ಹಾಕಿ ಇಲ್ಲಿ ನನ್ನ ಡ್ರಾಯರಿನ್ಯಾಗ ಇಡು," ಎಂದವರು ಮಾಸ್ತರರೇ. ಅವಳು ಗುರುಗಳ ಮಾತು ಮೀರಲಿಲ್ಲ. ಮಾಸ್ತರರು ಡ್ರಾಯರು ಎಳೆದು, ಆ ಪೆನ್ ಡ್ರೈವು ತೆಗೆದು, ಕಂಪ್ಯೂಟರಿಗೆ ಚುಚ್ಚಿ ಹೇಳಿದರು:

"ಇದರಾಗಿನ್ವು ಎಲ್ಲಾ ತಗಿ."

"ಇದರಲ್ಲಿರುವ ಎಲ್ಲ ಕಡತಗಳನ್ನು ತೆಗೆಯಲೇ?"

"ಅದs ಹೇಳಾಕತ್ತೀನಲ್ಲ, ತಗಿ!"

"ತೆಗೆದಿದ್ದೇನೆ."

ಪರದೆ ಖಾಲಿ. ಮಾಸ್ತರರು ಮೇಜು ಗುದ್ದಿದರು. ಆಗ ಯಾಕೋ, ಹಳೇ ಅಭ್ಯಾಸಬಲದಿಂದ, ಕೀಲಿಗಳನ್ನು ಒತ್ತಿ ಪೆನ್ ಡ್ರೈವಿನಲ್ಲಿ ಎಷ್ಟು ಜಾಗ ಖಾಲಿಯಿದೆ ಎಂದು ನೋಡಿದರು. ಪೂರ್ತಿ ಖಾಲಿ ಇತ್ತು. ಮೈಕು ಮುಟ್ಟದೆ, ಅದೇ ಪೆಟ್ಟಿಗೆಯಲ್ಲಿ ಬರೆದರು: ಫೈಲುಗಳಿಗೆ ಏನು ಮಾಡಿದೆ?

ಅದು ಬರೆಯಿತು: ನೀವು ಹೇಳಿದಂತೆ ಎಲ್ಲವನ್ನೂ ಶಾಶ್ವತವಾಗಿ ಅಳಿಸಲಾಗಿದೆ.

ನಮ್ಮ ಕಡೆ ಬೆಳಗಾದರೆ ಬಾಗಿಲು ತಗಿ ಅನ್ನುತ್ತೇವೆ. ಅಂಗಡಿ ತಗಿ, ಪುಸ್ತಕ ತಗಿ, ಕಣ್ಣು ತಗಿ ಅನ್ನುತ್ತೇವೆ. ಯಾರಾದರೂ ಬಾಗಿಲು ಕಿತ್ತು ಬೀದಿಗೆ ಒಗೆದದ್ದುಂಟೇ? ಆ ಯಂತ್ರ ಕಲಿತ ಕನ್ನಡದಲ್ಲಿ ತಗಿ ಎಂದರೆ ತೆಗೆದುಹಾಕು ಎಂದಾಗಿತ್ತು. ಅದು ಮತ್ತೆ ಮತ್ತೆ ಕೇಳಿತು. ಇವರು ಮತ್ತೆ ಮತ್ತೆ ಹೂಂ ಎಂದರು. ಬೈಯೋಣವೆಂದರೆ ಯಾರನ್ನು ಬೈಯುವುದು? ಮಾಸ್ತರರು ಸಂಜೆಯವರೆಗೂ ಅಳಿಸಿದ್ದನ್ನು ಹುಡುಕಿ ತರುವ ಬೇರೆ ಬೇರೆ ಉಪಾಯ ಹೂಡಿದರು. ಸಿಕ್ಕಿದ್ದೆಲ್ಲ ಅರ್ಧಂಬರ್ಧ ಹರಕು ತುಂಡು, ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಬರೆದವಳೇ ಹೇಳಬೇಕು. ಬರೆದವಳು ಹೊತ್ತು ಮುಳುಗುವಾಗ ಹಡಗಲಿಯಿಂದ ಫೋನು ಮಾಡಿದಳು.

"ಸರ್, ಎಲ್ಲಾ ರೆಡಿ ಐತಲ್ರಿ?"

ಹಿಂದೆ ತೊಟ್ಟಿಲ ಪದ ಕೇಳುತ್ತಿತ್ತು, ಹೆಂಗಸರು ನಗುತ್ತಿದ್ದರು. ಹೇಳಬೇಕೆಂದು ಬಾಯಿ ತೆರೆದ ಮಾಸ್ತರರು, "ಅಪ್ಡೇಟ್ ಬಂದೈತಿ. ಓಡಾಕತ್ತೈತಿ," ಎಂದುಬಿಟ್ಟರು. ಅದು ಪೂರ್ತಿ ಸುಳ್ಳಲ್ಲ ಎಂದು ತಮಗೇ ತಾವು ಹೇಳಿಕೊಂಡರು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಪೂರ್ತಿ ಸುಳ್ಳನ್ನೂ ಹೇಳಿದರು. "ಹೆಂಗ ಹೇಳ್ಲವ್ವಾ, ಆ ಅಪ್ಡೇಟ್ ನಿನ್ನ ಪ್ರೋಗ್ರಾಂ ನುಂಗಿಬಿಟ್ಟೈತಿ. ಪೆನ್ ಡ್ರೈವಿಂದೂ ಹೋತು."

ಗೀತಾಂಜಲಿಯ ಕೈಯಲ್ಲಿ ಹಡಗಲಿಯಿಂದ ತಂದ ಮಲ್ಲಿಗೆಯ ಪೊಟ್ಟಣವಿತ್ತು, ಮಾಸ್ತರರ ಹೆಂಡತಿಗೆಂದು ತಂದದ್ದು. ಅದನ್ನು ಕೊಡುವುದೋ ಇಟ್ಟುಕೊಳ್ಳುವುದೋ ತಿಳಿಯದವಳ ಹಾಗೆ ಹಿಡಿದೇ ನಿಂತಳು.

"ಅಪ್ಡೇಟ್ ಹಂಗ ಮಾಡಲ್ರಿ ಸರ್."

"ಮಾಡೈತಲ್ಲ!"

"ಡ್ರಾಯರಿನ್ಯಾಗಿದ್ದ ಪೆನ್ ಡ್ರೈವ್ ಅದಕ್ಕ ಹೆಂಗ ಸಿಕ್ತ್ರಿ?"

ಮಾಸ್ತರರು ಉತ್ತರಿಸುವಷ್ಟರಲ್ಲಿ ಕೂಡ್ಲಿಗಿ ಬಸ್ಸು ಬಂತು. ದೇವರು ದೊಡ್ಡವನು. ಗೀತಾಂಜಲಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಳು. ಹೋಗುವುದು ಬೇಡ ಎಂದು ಮಾಸ್ತರರು ಒಮ್ಮೆ ಹೇಳಿ ನೋಡಿದರು. "ಬರ್ತೀನಿ ಅಂದೀನಿ. ಹೋಗಿ ಇಲ್ಲ ಅಂತ ನಾನs ಹೇಳ್ತೀನಿ," ಎಂದಳು.

ಹೊಸಹಳ್ಳಿಯ ಸಂಘದ ಪಡಸಾಲೆಯಲ್ಲಿ ಕಂಬಳಿ ಹೆಗಲಿನ ಮಂದಿ ಆಗಲೇ ನೆರೆದಿದ್ದರು. ಅಧ್ಯಕ್ಷ ಮೈಲಪ್ಪ, ಬಿಳಿ ಮೀಸೆಯ ಗಟ್ಟಿ ಮುದುಕ, ಗೋಡೆಗೊರಗಿ ಕೂತಿದ್ದ. ಗೀತಾಂಜಲಿ ಅವನ ಮುಂದೆ ನಿಂತು, "ಕಾಕಾ, ನಾನು ಬರ್ದಿದ್ದು ಹೋಗೈತ್ರಿ. ತೋರ್ಸಾಕ ಏನೂ ಇಲ್ಲ," ಎಂದಳು.

"ಹೋಗೈತಿ ಅಂದ್ರ ಏನು, ಕುರಿ ಏನು ತಪ್ಪಿಸ್ಕೊಂಡು ಹೋಗಾಕ?" ಎಂದ ಮೈಲಪ್ಪ. ಮಂದಿ ನಕ್ಕರು. ಅವನು ನಗಲಿಲ್ಲ. "ಕುಂದ್ರವ್ವಾ. ಮೊದ್ಲು ಇವ್ರದು ನೋಡಾಮು."

ಇವ್ರದು ಎಂದರೆ ದಾವಣಗೆರೆಯ ಅರುಣಕುಮಾರ್. ಇಸ್ತ್ರಿ ಮುರಿಯದ ಅಂಗಿ ತೊಟ್ಟ, ನಗುಮುಖದ ತರುಣ. ಗೀತಾಂಜಲಿಯದು ಹೋಯಿತೆಂದು ಕೇಳಿ ಅವನು ಖುಷಿಪಟ್ಟವನಂತೆ ಕಾಣಲಿಲ್ಲ; ಅಯ್ಯೋ ಎಂದ. ಅದೇ ಮಾಸ್ತರರನ್ನು ಇನ್ನಷ್ಟು ಗಲಿಬಿಲಿಗೊಳಿಸಿತು, ಕೆಟ್ಟವನಾಗಿದ್ದರೆ ಬೈದುಕೊಳ್ಳಬಹುದಿತ್ತಲ್ಲ! ಅವನು ತನ್ನ ಪ್ರೋಗ್ರಾಮನ್ನು ಸಂಘದ ಕಂಪ್ಯೂಟರಿಗೆ ಜೋಡಿಸಿ ಹೇಳಿದ: "ನೋಡ್ರಿ, ನಾನು ಬರೆಯೋ ಎಡಿಟರ್‌ಗೆ ಈ ತಿಂಗಳ ಅಪ್ಡೇಟಲ್ಲಿ ಕನ್ನಡ ಬಂದೈತೆ. ನಮಗೆ ವಾರ ಮೊದ್ಲೇ ಬಂದಿತ್ತು, ಅದ್ನೇ ಇದಕ್ಕೆ ಸೇರ್ಸಿದೀನಿ. ನಿಮ್ಮ ಕುರಿಗಳ ವಿವರ ಪೂರ್ತಿ ಇದರೊಳಗೇ ಐತೆ. ನೀವು ಗುಂಡಿ ಒತ್ತಂಗಿಲ್ಲ, ಓದಂಗಿಲ್ಲ. ಬಾಯಲ್ಲಿ ಹೇಳಿದ್ರೆ ಸಾಕು. ಯಜಮಾನ್ರೇ, ನೀವೇ ಹೇಳ್ರಿ."

ಎಂದವನೇ ಮೈಕನ್ನು ಮೈಲಪ್ಪನ ಕೈಗೆ ಕೊಟ್ಟ.

ಮಾಸ್ತರರು ಪರದೆ ಕಾಣುವಷ್ಟು ಮುಂದೆ ಬಾಗಿದರು. ಅದೇ ಅಪ್ಡೇಟು, ಅದೇ ಕನ್ನಡ!

ಮೈಲಪ್ಪ ಮೈಕನ್ನು ಹಿಡಿದು ಹಿಂದೆ ಮುಂದೆ ನೋಡಿ, ದೂರದ ಹಿಂಡಿಗೆ ಕೂಗುವವನ ಹಾಗೆ ಕೂಗಿದ: "ಹೊಸಹಳ್ಳಿ ಕುರಿ ಲೆಕ್ಕ!"

"ಹೊಸಹಳ್ಳಿ ಹೋಬಳಿಯ ಕುರಿಗಳ ದಾಖಲೆ ಸಿಕ್ಕಿದೆ. ಏನು ಮಾಡಲಿ?" ಎಂದಿತು ಅದೇ ಹೆಣ್ಣು ದನಿ.

ಪಡಸಾಲೆಯಲ್ಲಿ ಭಲೇ ಎಂದರು. ಮೈಲಪ್ಪ ಮೀಸೆಯ ಮೇಲೆ ಕೈಯಾಡಿಸಿದ.

ಅವನ ಬಾಯಿಂದ ಮುಂದೆ ಯಾವ ಮಾತು ಬರುತ್ತದೆಂದು ಆ ಪಡಸಾಲೆಯಲ್ಲಿ ಗೊತ್ತಿದ್ದವರು ಒಬ್ಬರೇ. ಕೂಗಿ ತಡೆಯಬೇಕೇ? ತಡೆದರೆ ಎಲ್ಲರೂ ಕೇಳುತ್ತಾರೆ, ನಿಮಗೆ ಹೇಗೆ ಗೊತ್ತಾಯಿತು ಎಂದು. ಸುಮ್ಮನೆ ಕೂತರೆ? ಸುಮ್ಮನೆ ಕೂತರೆ ದಾವಣಗೆರೆಯವನ ಪ್ರೋಗ್ರಾಂ ಎಲ್ಲರೆದುರು ಮುಗ್ಗರಿಸುತ್ತದೆ. ಅಪ್ಡೇಟು ನುಂಗಿತು ಎಂದು ತಾವು ಹೇಳಿದ್ದಕ್ಕೆ ಊರೇ ಸಾಕ್ಷಿಯಾಗುತ್ತದೆ. ಗೀತಾಂಜಲಿಗೆ ಇನ್ನೊಂದು ಅವಕಾಶ ಸಿಗುತ್ತದೆ, ಅವಳು ಹರಪನಹಳ್ಳಿಗೆ ಹೋಗುವುದು ತಪ್ಪುತ್ತದೆ, ಗುರುವಿನ ಮಾನವೂ ಉಳಿಯುತ್ತದೆ. ಅವರು ಮಾಡಬೇಕಾದದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡು ಕೂರುವುದೊಂದೇ. ಆದರೆ ಆ ಕಂಪ್ಯೂಟರಿನಲ್ಲಿದ್ದದ್ದು ಗೀತಾಂಜಲಿಯ ವರ್ಷದ ತಿರುಗಾಟ. ಬಿಸಿಲಲ್ಲಿ ಹಿಂಡಿನ ಹಿಂದೆ ಅಲೆದು, ಕಾಲಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು ತಂದದ್ದು. ನಿನ್ನೆ ಅವಳ ಬರಹ ಹೋಯಿತು, ಇವತ್ತು ಇದೂ ಹೋಗುತ್ತದೆ. ಯಾವುದು ಅವಳಿಗೆ ಒಳ್ಳೆಯದು, ಯಾವುದು ತಮಗೆ ಒಳ್ಳೆಯದು, ಮಾಸ್ತರರ ತಲೆಯಲ್ಲಿ ಎರಡೂ ಕಲಸಿಹೋದವು.

"ಎಲ್ಲಾ ತಗಿ!" ಎಂದ ಮೈಲಪ್ಪ.

"ಎಲ್ಲ ದಾಖಲೆಗಳನ್ನು ತೆಗೆಯಲೇ?"

"ಹೂ..."

"ಹೂಂ ಅನಬ್ಯಾಡ್ರೀ!" ಮಾಸ್ತರರು ಎದ್ದು, ಇಬ್ಬರ ಕಾಲು ತುಳಿದು, ನುಗ್ಗಿ ಹೋಗಿ ಮೈಕನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದರು. "ಅನಬ್ಯಾಡ್ರಿ! ತಗಿ ಅಂದ್ರ ಅದು ತಗದು ಒಗೀತೈತಿ! ಒಂದೂ ಉಳಿಯಂಗಿಲ್ಲ!"

ಯಾರಿಗೂ ಏನೂ ತಿಳಿಯಲಿಲ್ಲ. ಮಾಸ್ತರರಿಗೆ ಹುಚ್ಚು ಹಿಡಿಯಿತೇ ಎಂದು ಒಬ್ಬ ಇನ್ನೊಬ್ಬನ ಮುಖ ನೋಡಿದ. ಅರುಣಕುಮಾರ್ ಬಗ್ಗಿ ಪರದೆಯನ್ನು ಓದಿದ, ಇನ್ನೊಮ್ಮೆ ಓದಿದ, ತಡಬಡಿಸಿ ಏನನ್ನೋ ಒತ್ತಿ ನಿಲ್ಲಿಸಿದ. "ಇವ್ರು ಹೇಳೋದು ಖರೆ," ಎಂದ. "ತೆಗೆಯಲೇ ಅಂದ್ರೆ ಅಳಿಸ್ಲಾ ಅಂತ್ಲೇ ಅದ್ರ ಅರ್ಥ. ಹೂಂ ಅಂದಿದ್ರೆ ಮುಗೀತಿತ್ತು. ನಾವು ಆಫೀಸಲ್ಲಿ ಎಲ್ಲಾ ತೆರೆ ಅಂತ ಹೇಳಿ ನೋಡಿದ್ವಿ. ತಗಿ ಅಂತ ಯಾರೂ ಹೇಳ್ಲಿಲ್ಲ."

"ತೆರಿ?" ಎಂದ ಮೈಲಪ್ಪ. "ಯಾರಪ್ಪ ತೆರಿ ಅನ್ನೋರು?" ಆಮೇಲೆ ಮೆಲ್ಲಗೆ ಮಾಸ್ತರರ ಕಡೆ ತಿರುಗಿದ. "ಅದಿರ್ಲಿ. ನಿಮಗ ಹೆಂಗ ಗೊತ್ತಾತು ಮಾಸ್ತರ್ರ?"

ಮೈಕು ಇನ್ನೂ ಮಾಸ್ತರರ ಕೈಯಲ್ಲೇ ಇತ್ತು. ಅವರು ಅದನ್ನು ಜೋಪಾನವಾಗಿ ಕೆಳಗಿಟ್ಟರು. ಗೀತಾಂಜಲಿ ಗೋಡೆಯ ಹತ್ತಿರ ಹೆಂಗಸರ ಸಾಲಿನಲ್ಲಿ ಕೂತು ಅವರನ್ನೇ ನೋಡುತ್ತಿದ್ದಳು. ಆ ಕಡೆ ನೋಡಲಾರದೆ ಮೈಲಪ್ಪನ ಮೀಸೆಯನ್ನು ನೋಡುತ್ತ ಹೇಳಿದರು:

"ನಿನ್ನಿ ನಾನs ಅಂದೀನ್ರಿ. ಈ ಹುಡುಗಿ ಬರ್ದಿದ್ದು ಅಪ್ಡೇಟ್ ನುಂಗಿಲ್ಲ. ನನ್ನ ಹೆಸ್ರು ಒಂದು ಬರಿಯಾಣ ಅಂತ ಹೋಗಿ, ತಗಿ ಅಂದೆ. ಅದು ಕೇಳಿತ್ರಿ, ನಾನು ಹೂಂ ಅಂದೆ. ಪೆನ್ ಡ್ರೈವೂ ನಾನs ಚುಚ್ಚಿ ಕೊಟ್ಟೆ. ಆಕಿಗೆ ಸುಳ್ಳು ಹೇಳೀನಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಇನ್ನೊಬ್ಬ, "ಹೂಂ ಅಂದ್ರಂತ ಲೇ!" ಎಂದ. ಇಡೀ ಪಡಸಾಲೆ ಹೋ ಎಂದು ನಕ್ಕಿತು. ಮಾಸ್ತರರು ಬೆಪ್ಪಾಗಿ ನಿಂತರು. ತಮ್ಮನ್ನು ನೋಡಿ ನಗುತ್ತಿದ್ದಾರೋ ಯಂತ್ರವನ್ನು ನೋಡಿ ನಗುತ್ತಿದ್ದಾರೋ ಅವರಿಗೆ ಗೊತ್ತಾಗಲಿಲ್ಲ. ಗೀತಾಂಜಲಿ ನಗಲಿಲ್ಲ. ತಲೆ ಬಗ್ಗಿಸಿ ಕೂತಿದ್ದಳು.

ಮೈಲಪ್ಪ ಕೈ ಎತ್ತಿ ನಗು ನಿಲ್ಲಿಸಿದ. "ಮಾಸ್ತರ್ರು ಅಂದಿದ್ದ ನಾನೂ ಅಂದೆ. ನಾಳೆ ನಮ್ಮೋರೆಲ್ಲಾ ಅದನ್ನs ಅಂತಾರ. ಮಂದಿ ಬಾಯಿ ತಿದ್ದಾಕ ಆಗಂಗಿಲ್ಲ, ಮಿಷನ್ ತಿದ್ರಿ. ದೂರ ಮೇಯಾಕ ಹೋದ ಹಿಂಡು ವಾಪಸ್ ಬರೋತನಕ ಟೈಮ್ ಐತಿ. ಅರುಣಕುಮಾರ್ರ, ನೀವೂ ತಿದ್ದಿ ತರ್ರಿ. ಯವ್ವಾ ಗೀತಾ, ನೀನೂ ತಿರಗಿ ಬರಿ. ಯಾರ್ದು ನಮ್ಮ ಮಾತು ಕೇಳ್ತೈತಿ, ಕೆಲಸ ಅವ್ರದು. ನಿಮ್ಮಪ್ಪಗ ಬೇಕಾದ್ರ ನಾನs ಹೇಳ್ತೀನಿ."

ಗೀತಾಂಜಲಿ ಎದ್ದು ಮೈಲಪ್ಪನ ಕಾಲಿಗೆ ನಮಸ್ಕರಿಸಿದಳು. ಅರುಣಕುಮಾರ್ ಬಂದು ಮಾಸ್ತರರ ಕೈ ಹಿಡಿದು, ನೀವು ನನ್ನ ಮಾನ ಉಳಿಸಿದ್ರಿ ಎಂದೇನೋ ಹೇಳಿದ. ಮಾಸ್ತರರ ಕಿವಿಗೆ ಅದು ಹೋಗಲಿಲ್ಲ. ಅವರ ಕಣ್ಣೆಲ್ಲ ಗೀತಾಂಜಲಿಯ ಮೇಲೆ. ಅವಳು ಯಾರ ಕಡೆಯೂ ನೋಡದೆ ಚಪ್ಪಲಿ ಮೆಟ್ಟಿ ಬಸ್ಸಿನ ದಾರಿ ಹಿಡಿದಿದ್ದಳು.

ಬಸ್ಸಿಗೆ ಕಾಯುವ ಬೇವಿನ ಮರದ ಕೆಳಗೆ ಇಬ್ಬರೇ ನಿಂತರು. ಮಾಸ್ತರರು ಒಮ್ಮೆ ಕೆಮ್ಮಿದರು, ಇನ್ನೊಮ್ಮೆ ಕೆಮ್ಮಿದರು.

"ತಪ್ಪಾತವ್ವಾ. ತಿರಗಿ ಬರಿಯಾಕ ನಾನೂ ಕುಂದಿರ್ತೀನಿ. ನೀ ಹೇಳಿದಂಗ ಮಾಡ್ತೀನಿ. ಆ ಹೊಸ ಹೊಸದೆಲ್ಲಾ ನೀನs ಕಲಿಸು ನನಗ."

ಗೀತಾಂಜಲಿ ರಸ್ತೆ ನೋಡುತ್ತಲೇ ಹೇಳಿದಳು: "ತಗಿ ಅಂದಿದ್ದಕ್ಕ ನನಗ ಸಿಟ್ಟಿಲ್ರಿ ಸರ್. ನಾನಿದ್ರೂ ಹಂಗs ಅಂತಿದ್ದೆ. ನಿಮ್ಮ ಹೆಸ್ರು ನಾನು ಬರೀಬೇಕಾಗಿತ್ತು, ಅದು ನನ್ನ ತಪ್ಪು."

ಮಾಸ್ತರರ ಜೀವ ಹಗುರಾಯಿತು. "ಹಂಗಾರ..."

"ನಿನ್ನಿ ಸಂಜಿಕ ಫೋನ್ ಮಾಡಿದ್ನಲ್ರಿ. ಆಗ ಹೇಳಿದ್ರ ನಾನು ಆಗ್ಲೇ ಹೊಳ್ಳಿ ಬರ್ತಿದ್ದೆ. ಮುಂಜಾನಿ ಬಸ್‌ಸ್ಟ್ಯಾಂಡಿನ್ಯಾಗ ಕೇಳಿದೆ, ಆಗ್ಲೂ ಹೇಳ್ಲಿಲ್ಲ. ಇಷ್ಟು ದೂರ ಒಂದs ಸೀಟಿನ್ಯಾಗ ಕುಂತು ಬಂದ್ವಿ." ಅವಳು ಮೊದಲ ಸಲ ಅವರ ಕಡೆ ತಿರುಗಿದಳು. "ಅಷ್ಟೂ ಮಂದಿ ಮುಂದ ಹೇಳಿದ್ರಿ. ನನಗ ಒಬ್ಬಾಕಿಗೆ ಹೇಳಾಕ ಆಗ್ಲಿಲ್ಲೇನ್ರಿ? ಆ ಮಿಷನ್ನಿಗೆ ನಮ್ಮ ಮಾತು ತಿಳೀಲಿಲ್ಲ, ಹೋಗ್ಲಿ, ಅದು ಹೊರಗಿಂದು. ನಿಮಗ ನಾನು ತಿಳೀಲಿಲ್ಲೇನ್ರಿ ಸರ್?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಬಸ್ಸು ಬಂದು ನಿಂತಿತು. ಅವಳು ಹತ್ತಿದಳು. ಮಾಸ್ತರರು ನಿಂತಲ್ಲೇ ನಿಂತಿದ್ದರು.

ಮೇಲಿನ ಮೆಟ್ಟಿಲಿಂದ ಅವಳು ತಿರುಗಿ ನೋಡಿ, "ಹತ್ರಿ ಸರ್, ಬಸ್ ಬಿಡ್ತಾರ," ಎಂದಳು.

ಕ್ಷಮಿಸಿ ಕರೆದಳೋ, ಬಸ್ಸಿನ ಬಾಗಿಲಲ್ಲಿ ಯಾರಿಗಾದರೂ ಹೇಳುವ ಮಾತನ್ನೇ ಹೇಳಿದಳೋ, ಮಾಸ್ತರರಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಕಂಬಿ ಹಿಡಿದು ಹತ್ತಿದರು.